ಕಟ್ಟುವುದಕ್ಕೆ ಮೊದಲು ಬಿಚ್ಚುವುದನ್ನು ಕಲಿಯಿರಿ: ಮಲೆನಾಡಿನಲ್ಲಿ ರೋಡಿ ಕೆಲಸ

ರಾಕ್ ಬ್ಯಾಂಡಿನ ಜೊತೆ ಊರೂರು ತಿರುಗುತ್ತ, ವೇದಿಕೆಯನ್ನು ಅಣಿಮಾಡಿ, ವಾದ್ಯಗಳನ್ನು ಶ್ರುತಿ ಮಾಡಿಟ್ಟು, ಕಾರ್ಯಕ್ರಮ ಮುಗಿದ ಮೇಲೆ ಎಲ್ಲವನ್ನೂ ಬಿಚ್ಚಿ ಲಾರಿಗೆ ತುಂಬುವವನಿಗೆ ರೋಡಿ ಎಂದು ಹೆಸರು. ಯಕ್ಷಗಾನ ಮೇಳದಲ್ಲಿ ರಂಗಸ್ಥಳ ಕಟ್ಟಿ ಪೆಟ್ಟಿಗೆ ಸಾಗಿಸುವವರನ್ನು ಕಂಡವರಿಗೆ, 1985ರಿಂದ ಹೆಗ್ಗೋಡಿನಿಂದ ಹೊರಡುತ್ತಿರುವ ನೀನಾಸಂ ತಿರುಗಾಟದ ಸಾಮಾನು ಇಳಿಯುವುದನ್ನು ನೋಡಿದವರಿಗೆ, ಈ ಕೆಲಸ ಅಪರಿಚಿತವೇನಲ್ಲ. ಇಲ್ಲಿ ವಿದ್ಯುತ್ತಿನ ಪಾಲು ಹೆಚ್ಚು, ಅಷ್ಟೆ. ಸಾಗರದಲ್ಲಿ ಸೋದರಮಾವನ ಮೈಕ್ ಸೆಟ್ ಅಂಗಡಿಯಲ್ಲಿ ವೈರು ಸುತ್ತುತ್ತಿದ್ದ ನಾನು ಬೆಂಗಳೂರಿನ ಹೆಸರಾಂತ ರಾಕ್ ಬ್ಯಾಂಡೊಂದಕ್ಕೆ ಸೇರಿಕೊಂಡು, ಒಂಬತ್ತು ವರ್ಷ ಅವರ ಹಿಂದೆ ತಿರುಗಿ, ಈಗ ಮರಳಿ ಬಂದು ಸ್ವಂತ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಿದ್ದೇನೆ. ಶಿವಮೊಗ್ಗ, ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಕಾಲೇಜು ಬ್ಯಾಂಡಿನ ಹುಡುಗರು ಅಂಗಡಿಗೆ ಬಂದು ವೇದಿಕೆಯ ಕೆಲಸ ಹೇಗೆಂದು ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಎಲ್ಲರೂ ಕಟ್ಟುವುದನ್ನು ಮೊದಲು ಕೇಳುತ್ತಾರೆ. ನಾನು ಬಿಚ್ಚುವುದರಿಂದಲೇ ಶುರುಮಾಡುತ್ತೇನೆ, ಏಕೆಂದರೆ ನಾಳಿನ ಊರಿನ ಕಾರ್ಯಕ್ರಮ ಕೆಡುವುದು ಬಹುಪಾಲು ಇಂದಿನ ರಾತ್ರಿ, ಸಾಮಾನು ಕಟ್ಟುವ ಅವಸರದಲ್ಲಿ.

ಬಿಚ್ಚುವ ಹೊತ್ತು

ಕೆಲಸಕ್ಕೆ ಸೇರಿದ ಮೊದಲ ವರ್ಷ, ಏಪ್ರಿಲ್ ಕೊನೆಯಲ್ಲಿ, ಹೊಸನಗರದ ಹತ್ತಿರ ಒಂದು ಬಯಲು ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಭರಣಿ ಮಳೆ ಹತ್ತು ನಿಮಿಷ ಸುರಿದು ನಿಂತಿತು. ನಿಂತಿತಲ್ಲ ಎಂದು ನಾನು ಒದ್ದೆ ವೈರುಗಳನ್ನು ಹಾಗೆಯೇ ಸುತ್ತಿ ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದೆ. ಮರುದಿನ ಸಂಜೆ ಮತ್ತೊಂದು ಊರಿನಲ್ಲಿ ಗಾಯಕರು ಮೊದಲ ಸಾಲು ಹಾಡುತ್ತಿದ್ದಂತೆ ಮೈಕಿನಿಂದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಚಟಪಟ ಸದ್ದು ಬರತೊಡಗಿತು. ವೈರಿನ ತುದಿಯ ಪ್ಲಗ್ಗನ್ನು ಬಿಚ್ಚಿ ನೋಡಿದರೆ ಒಳಗೆ ನೀರು ಇನ್ನೂ ಇತ್ತು. ಅವರು ನನ್ನನ್ನು ಬೈಯಲಿಲ್ಲ. ಹಾಡು ಮುಗಿಸಿ, ಬೇರೆ ಮೈಕಿಗೆ ಹೋಗಿ, ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದ ನಂತರ ನಾನು ಒದ್ದೆ ವೈರನ್ನು ಪೆಟ್ಟಿಗೆಗೆ ಹಾಕಿಲ್ಲ.

ಕೊನೆಯ ಹಾಡು ಮುಗಿದ ಕೂಡಲೇ ವೈರು ಕೀಳಲು ಹೋಗಬೇಡಿ. ಮೊದಲು ಸ್ಪೀಕರುಗಳಿಗೆ ಬಲ ಕೊಡುವ ಪವರ್ ಆಂಪ್ಲಿಫೈಯರುಗಳನ್ನು ಆರಿಸಿ, ಎಲ್ಲ ಮೈಕು, ವಾದ್ಯಗಳ ಧ್ವನಿಯನ್ನು ಬೆರೆಸುವ ಮಿಕ್ಸರನ್ನು ಕೊನೆಗೆ ಆರಿಸಬೇಕು. ಹಾಕುವಾಗ ಇದೇ ಕ್ರಮ ತಿರುಗುಮುರುಗು: ಮಿಕ್ಸರ್ ಮೊದಲು, ಪವರ್ ಆಂಪ್ಲಿಫೈಯರ್ ಕೊನೆಗೆ. ಕ್ರಮ ತಪ್ಪಿದರೆ ಮಿಕ್ಸರಿನಿಂದ ಹೊರಡುವ ಧಡ್ ಎಂಬ ಸದ್ದು ಪೂರ್ತಿ ಬಲದಲ್ಲಿ ಸ್ಪೀಕರಿಗೆ ಹೋಗುತ್ತದೆ, ಸಣ್ಣ ಹಾರ್ನುಗಳು ಒಂದೇ ಏಟಿಗೆ ಸತ್ತುಹೋಗಬಹುದು. ಗಿಟಾರಿನವರು ವಾಲ್ವ್ ಆಂಪ್ಲಿಫೈಯರ್ (ಹಳೆಯ ರೇಡಿಯೋದಂತೆ ಗಾಜಿನ ನಳಿಗೆಗಳಿರುವುದು) ಬಳಸುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಆರಿಸಿ ಎಲ್ಲಕ್ಕಿಂತ ಕೊನೆಗೆ ಎತ್ತಿ. ಬಿಸಿಯಾಗಿರುವ ವಾಲ್ವಿನ ಒಳಗಿನ ತಂತಿಗಳು ಅಲುಗಾಟ ತಾಳುವುದಿಲ್ಲ; ಕಾಲು ಗಂಟೆಯಾದರೂ ತಣಿಯಲು ಬಿಡಬೇಕು. ಅದೇ ಆಂಪ್ಲಿಫೈಯರನ್ನು ಸ್ಪೀಕರಿನ ಜೋಡಣೆಯಿಲ್ಲದೆ ಎಂದೂ ಚಾಲೂ ಮಾಡಬಾರದು, ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ.

ಇನ್ನು ವೈರು ಸುತ್ತುವುದು. ಮೊಣಕೈಗೂ ಹೆಬ್ಬೆರಳಿಗೂ ಹಗ್ಗದಂತೆ ಸುತ್ತುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಇದೆ, ಅದನ್ನು ಮೊದಲು ಬಿಡಬೇಕು. ಹಾಗೆ ಸುತ್ತಿದರೆ ಪ್ರತಿ ಸುತ್ತಿಗೂ ಒಂದು ತಿರುಚು ಒಳಗೆ ಸೇರುತ್ತ ಹೋಗಿ, ಕೆಲವೇ ತಿಂಗಳಲ್ಲಿ ಒಳಗಿನ ತಾಮ್ರದ ಎಳೆಗಳು ತುಂಡಾಗತೊಡಗುತ್ತವೆ. ಸರಿಯಾದ ಕ್ರಮ ಹೀಗಿದೆ. ಎಡಗೈಯಲ್ಲಿ ವೈರಿನ ತುದಿ ಹಿಡಿದು, ಬಲಗೈಯಿಂದ ಒಂದು ಮಾರಿಗಿಂತ ಸ್ವಲ್ಪ ಕಡಿಮೆ ಉದ್ದ ಎಳೆದುಕೊಂಡು, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ವೈರನ್ನು ಅರ್ಧ ಹೊರಳಿಸುತ್ತ ಮೊದಲ ಸುರುಳಿಯನ್ನು ಎಡಗೈಗೆ ಸೇರಿಸಿ. ಎರಡನೆಯ ಸುರುಳಿಗೆ ಬಲಗೈಯ ಅಂಗೈಯನ್ನು ಹೊರಮುಖ ಮಾಡಿ ವೈರು ಹಿಡಿದು, ಕೈ ಒಳಗೆ ಬರುವಾಗ ವೈರಿನ ಬಾಲ ಸುರುಳಿಯ ಒಳಬದಿಗೆ ಬೀಳುವಂತೆ ಸೇರಿಸಿ. ಒಂದು ಹೊರಗೆ, ಒಂದು ಒಳಗೆ. ಮೊದಲನೆಯದರ ತಿರುಚನ್ನು ಎರಡನೆಯದು ಬಿಚ್ಚುತ್ತದೆ. ಸರಿಯಾಗಿ ಸುತ್ತಿದ್ದರೆ ಒಂದು ತುದಿ ಹಿಡಿದು ಸುರುಳಿಯನ್ನು ಎಸೆದಾಗ ವೈರು ಗಂಟಿಲ್ಲದೆ ನೇರವಾಗಿ ಓಡುತ್ತದೆ. ಆದರೆ ತುದಿಯನ್ನು ಸುರುಳಿಯ ಒಳಗಿಂದ ತೂರಿಸಿಬಿಟ್ಟರೆ ಒಂದು ಬಿಟ್ಟು ಒಂದು ಸುತ್ತಿಗೆ ಗಂಟು ಬೀಳುತ್ತದೆ, ಆದ್ದರಿಂದ ಸುತ್ತಿದ ಕೂಡಲೇ ದಾರದಿಂದ ಕಟ್ಟಿಬಿಡಿ. "ತಮ್ಮಾ, ವೈರು ಯಾವ ಕಡೆ ಬಾಗ್ತದೋ ಆ ಕಡೆಗೇ ಬಿಡು, ನೀ ಬರೀ ಕೈ ಕೊಡು," ಎಂದು ಮಾವ ಹೇಳುತ್ತಿದ್ದರು. ಈ ಸುತ್ತು ಪ್ರಪಂಚದ ಎಲ್ಲ ರೋಡಿಗಳಿಗೂ ಗೊತ್ತಿರುವ ವಿದ್ಯೆ ಎಂಬುದು ನನಗೆ ತಿಳಿದದ್ದು ಬೆಂಗಳೂರಿಗೆ ಹೋದ ಮೇಲೆ.

ಸುತ್ತುವಾಗ ಎಡ ಅಂಗೈಯಲ್ಲಿ ಒಂದು ಒಣ ಬಟ್ಟೆ ಇರಲಿ, ವೈರು ಅದರ ಮೂಲಕ ಹಾದು ಬರಲಿ. ಕೆಸರು, ಇಬ್ಬನಿ, ಅಂಟು ಎಲ್ಲವೂ ಅಲ್ಲೇ ಬಿಟ್ಟುಹೋಗುತ್ತದೆ. ಮಳೆಗೆ ಸಿಕ್ಕ ವೈರುಗಳನ್ನು ಬೇರೆ ಗೋಣಿಚೀಲಕ್ಕೆ ಹಾಕಿ, ಮನೆಗೆ ಬಂದ ಮೇಲೆ ಗಾಳಿಯಾಡುವ ಜಗಲಿಯಲ್ಲಿ ಪ್ಲಗ್ಗುಗಳು ಕೆಳಮುಖವಾಗಿರುವಂತೆ ನೇತುಹಾಕಬೇಕು. ಅಡಿಕೆ ಡ್ರೈಯರಿನಲ್ಲಿ ಒಂದು ದಿನ ಇಟ್ಟರಾಯಿತು ಎಂದು ನಮ್ಮ ಅತ್ತೆ ಪ್ರತಿ ವರ್ಷ ಸಲಹೆ ಕೊಡುತ್ತಾರೆ. ಆ ಬಿಸಿಗೆ ವೈರಿನ ಮೇಲ್ಪದರ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಆದ್ದರಿಂದ ಬೇಡ. ಮಳೆಗಾಲದ ನಾಲ್ಕು ತಿಂಗಳು ಮೈಕು, ಪೆಡಲ್, ಮಿಕ್ಸರುಗಳನ್ನು ಮರದ ಬೀರುವಿನಲ್ಲಿಟ್ಟು ಒಳಗೆ ಬಿಸಿಯಾಗುವ ಹಳೆಯ ಬಗೆಯ ಒಂದು ಸಣ್ಣ ಬಲ್ಬು ಉರಿಸಿಡುವುದು ನಮ್ಮ ಹವೆಗೆ ಹೇಳಿಮಾಡಿಸಿದ ಉಪಾಯ. ಬಲ್ಬಿಗೂ ಸಾಮಾನಿಗೂ ಒಂದು ಗೇಣಾದರೂ ಅಂತರವಿರಲಿ. ಬೂಷ್ಟು ಹಿಡಿಯುವುದಿಲ್ಲ, ಪಿನ್ನುಗಳಿಗೆ ಕಿಲುಬು ಕಟ್ಟುವುದಿಲ್ಲ.

ಲಾರಿ ಮತ್ತು ಘಾಟಿ

ಲಾರಿಗೆ ತುಂಬುವಾಗ ಮೊದಲು ಇಳಿಸಬೇಕಾದದ್ದು ಕೊನೆಗೆ ಹೋಗಬೇಕು. ಆದ್ದರಿಂದ ಜಮಖಾನೆ, ವಿದ್ಯುತ್ ಪೆಟ್ಟಿಗೆ, ದಪ್ಪ ವೈರುಗಳು ಬಾಗಿಲ ಬಳಿ. ಭಾರವಾದ ಸ್ಪೀಕರುಗಳು ಕ್ಯಾಬಿನ್ನಿನ ಕಡೆ, ಮುಖಕ್ಕೆ ಮುಖ ಜೋಡಿಸಿ. ಗಿಟಾರಿನ ಪೆಟ್ಟಿಗೆಗಳು ಒಂದರ ಮೇಲೊಂದಲ್ಲ, ನಿಂತ ಭಂಗಿಯಲ್ಲಿ. ಹೆದ್ದಾರಿಯಲ್ಲಿ ನಡೆಯುವ ಸಡಿಲ ಕಟ್ಟು ಘಾಟಿಯಲ್ಲಿ ನಡೆಯುವುದಿಲ್ಲ. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಪ್ರತಿ ತಿರುವಿಗೂ ಹೊರೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತದೆ. ಚಕ್ರವಿರುವ ಪೆಟ್ಟಿಗೆಗೆ ಬ್ರೇಕ್ ಹಾಕಿದ್ದರೂ ಅಡ್ಡ ಹಗ್ಗ ಕಟ್ಟಲೇಬೇಕು. ಮಳೆಗಾಲದಲ್ಲಿ ಈ ಘಾಟಿಯಲ್ಲಿ ಭಾರೀ ವಾಹನಗಳಿಗೆ ನಿರ್ಬಂಧ ಹೇರುವುದುಂಟು, ಹುಲಿಕಲ್ ಕಡೆಯ ದಾರಿಗೂ ಗುಡ್ಡ ಕುಸಿತದ ಭಯವಿದೆ. ಉಡುಪಿ, ಕುಂದಾಪುರದ ಕಡೆ ಮರುದಿನ ಕಾರ್ಯಕ್ರಮವಿದ್ದರೆ ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

ರಾತ್ರಿ ಎರಡು ಗಂಟೆಗೆ ಮಂಜಿನಲ್ಲಿ ಲಾರಿ ಘಾಟಿ ಇಳಿಯುವಾಗ ನನಗೆ ಬೀಟಲ್ಸ್ ತಂಡದ ರೋಡಿ ಮಾಲ್ ಎವನ್ಸ್ ನೆನಪಾಗುವುದುಂಟು. ಟೆಲಿಫೋನ್ ಇಂಜಿನಿಯರ್ ಆಗಿದ್ದ ಈತ 1963ರ ಜನವರಿಯಲ್ಲಿ ಲಂಡನ್ನಿನಿಂದ ಲಿವರ್‌ಪೂಲಿಗೆ ತಂಡವನ್ನು ಕರೆದೊಯ್ಯುವಾಗ ವ್ಯಾನಿನ ಮುಂದಿನ ಗಾಜು ಒಡೆದುಹೋಯಿತು. ಆತ ಉಳಿದ ಗಾಜನ್ನು ಗುದ್ದಿ ತೆಗೆದು, ಕೊರೆಯುವ ಚಳಿಯಲ್ಲಿ ಹಾಗೆಯೇ ಓಡಿಸಿದ. ಹಿಂದೆ ನಾಲ್ವರೂ ಬೆಚ್ಚಗಿರಲೆಂದು ಒಬ್ಬರ ಮೇಲೊಬ್ಬರು ಮಲಗಿದ್ದರು. ಕಥೆ ಕೇಳಲು ಚೆನ್ನಾಗಿದೆ, ಅನುಸರಿಸಲು ಅಲ್ಲ. ವೇದಿಕೆಯಲ್ಲಿ ದುಡಿದವನು ಘಾಟಿಯಲ್ಲಿ ಸ್ಟಿಯರಿಂಗ್ ಹಿಡಿಯಕೂಡದು. ಕಾರ್ಯಕ್ರಮದ ಹೊತ್ತಿನಲ್ಲಿ ನಿದ್ದೆ ಮಾಡಿದ ಚಾಲಕನೊಬ್ಬ ಬೇರೆಯೇ ಇರಬೇಕು.

ಏನೇನು ಸಾಮಾನಿದೆ ಎಂಬ ಪಟ್ಟಿಯ ಜೊತೆ ಒಂದು ಫೋಟೋ ಇಟ್ಟುಕೊಳ್ಳುವುದು ಒಳ್ಳೆಯದು. ಪಿಂಕ್ ಫ್ಲಾಯ್ಡ್ ತಂಡ 1969ರಲ್ಲಿ ತಂದ ಆಲ್ಬಮ್ಮಿನ ಹಿಂಬದಿಯಲ್ಲಿ ವಿಮಾನದ ರನ್‌ವೇ ಮೇಲೆ ಎಲ್ಲ ಸಲಕರಣೆಗಳನ್ನು ಹರವಿ, ಇಬ್ಬರು ರೋಡಿಗಳನ್ನು ನಿಲ್ಲಿಸಿ ತೆಗೆದ ಚಿತ್ರವಿದೆ. ನಾನು ಅದನ್ನೇ ನಮ್ಮ ಅಡಿಕೆ ಅಂಗಳದಲ್ಲಿ ಮಾಡುತ್ತೇನೆ.

ಜಾಗ ನೋಡುವುದು, ಮಾತು ಕಟ್ಟುವುದು

ವ್ಯಾನ್ ಹೇಲನ್ ಎಂಬ ಅಮೆರಿಕದ ತಂಡ 1980ರ ದಶಕದ ಆರಂಭದಲ್ಲಿ ತನ್ನ ಕರಾರಿನಲ್ಲಿ ಒಂದು ವಿಚಿತ್ರ ಷರತ್ತು ಸೇರಿಸುತ್ತಿತ್ತು: ವೇದಿಕೆಯ ಹಿಂದಿನ ಕೋಣೆಯಲ್ಲಿ ಎಂ ಅಂಡ್ ಎಂ ಮಿಠಾಯಿ ಇಡಬೇಕು, ಆದರೆ ಅದರಲ್ಲಿ ಕಂದು ಬಣ್ಣದ್ದು ಒಂದೂ ಇರಬಾರದು. ಇದು ಶ್ರೀಮಂತರ ಹುಚ್ಚಾಟವೆಂದೇ ಜನ ತಿಳಿದಿದ್ದರು. ಕಂದು ಮಿಠಾಯಿ ಕಂಡರೆ ಸಂಘಟಕರು ಕರಾರನ್ನು ಓದಿಲ್ಲವೆಂದು ಅರ್ಥ, ಆಗ ವೇದಿಕೆಯ ಭಾರ, ವಿದ್ಯುತ್ತು ಎಲ್ಲವನ್ನೂ ಮರುಪರೀಕ್ಷೆ ಮಾಡಬೇಕಿತ್ತು ಎಂದು ಗಾಯಕ ಡೇವಿಡ್ ಲೀ ರಾತ್ ಆಮೇಲೆ ವಿವರಿಸಿದರು. ನಮ್ಮ ಜಾತ್ರಾ ಸಮಿತಿಯವರಿಗೆ ಇಂಥ ಕಾಗದ ಕಳಿಸಿದರೆ ಅದು ದೇವಸ್ಥಾನದ ಕಡತ ಸೇರುತ್ತದೆ, ಅಷ್ಟೆ. ಇಲ್ಲಿ ಒಂದು ದಿನ ಮೊದಲು ಖುದ್ದಾಗಿ ಹೋಗಿ, ಸಮಿತಿಯ ಹಿರಿಯರ ಜೊತೆ ಒಂದು ಲೋಟ ಕಷಾಯ ಕುಡಿದು, ಜಾಗವನ್ನು ಕಾಲಲ್ಲಿ ಅಳೆದು ಬರುವುದೇ ಕರಾರು.

ಹೋದಾಗ ಮೂರು ಸಂಗತಿ ನೋಡಿ. ಲಾರಿ ವೇದಿಕೆಯ ಎಷ್ಟು ಹತ್ತಿರ ಬರುತ್ತದೆ. ಗದ್ದೆ ಬಯಲಾದರೆ ಮಳೆ ಬಂದ ಮೇಲೂ ಹೊರಗೆ ಹೋಗಬಲ್ಲದೇ. ಎರಡನೆಯದು, ವೇದಿಕೆಯ ಹಲಗೆಗಳ ಕೆಳಗೆ ಆಸರೆ ಏನಿದೆ. ಯಕ್ಷಗಾನದ ಕುಣಿತ ತಾಳಿದ ವೇದಿಕೆಯೇ ಆದರೂ ಸ್ಪೀಕರುಗಳ ರಾಶಿಯನ್ನು ಒಂದೇ ಮೂಲೆಯಲ್ಲಿ ತಾಳುತ್ತದೆಂಬ ಭರವಸೆಯಿಲ್ಲ, ಸಾಧ್ಯವಾದರೆ ಸ್ಪೀಕರುಗಳನ್ನು ನೆಲದ ಮೇಲೆಯೇ ನಿಲ್ಲಿಸಿ. ಮೂರನೆಯದು ನೀರು ಹರಿಯುವ ದಿಕ್ಕು. ಮಲೆನಾಡಿನಲ್ಲಿ ಸಮತಟ್ಟು ಎಂದು ತೋರಿಸುವ ಯಾವ ಮೈದಾನವೂ ಸಮತಟ್ಟಲ್ಲ, ಜನರೇಟರನ್ನು ತಗ್ಗಿನಲ್ಲಿ ನಿಲ್ಲಿಸಿದರೆ ರಾತ್ರಿ ಅದು ಕೆರೆಯಲ್ಲಿ ನಿಂತಿರುತ್ತದೆ.

ಧ್ವನಿವರ್ಧಕದ ಅನುಮತಿಯ ಕಾಗದವನ್ನು ಸಮಿತಿಯವರಿಂದ ಕೇಳಿ, ಕಣ್ಣಾರೆ ನೋಡಿ. ಶಬ್ದ ಮಾಲಿನ್ಯದ 2000ದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ; ಸಾಂಸ್ಕೃತಿಕ, ಧಾರ್ಮಿಕ ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ 12 ಗಂಟೆಯವರೆಗೆ ಸಡಿಲಿಕೆ ಕೊಡಬಹುದು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ಜಾಗವನ್ನು ಸರ್ಕಾರ ನಿಶ್ಶಬ್ದ ವಲಯವೆಂದು ಘೋಷಿಸಿರಬಹುದು. ಭಾಷಣ, ಸನ್ಮಾನಗಳು ಮುಗಿದು ಬ್ಯಾಂಡಿನ ಕೈಗೆ ವೇದಿಕೆ ಸಿಗುವಾಗ ಒಂಬತ್ತೂಕಾಲು ಆಗಿರುತ್ತದೆ. ಹಾರ ಹಾಕುವವರ ಸಂಖ್ಯೆಯನ್ನು ಮೊದಲೇ ಕೇಳಿ ತಿಳಿದುಕೊಂಡರೆ ಯಾವ ಹಾಡು ಬಿಡಬೇಕೆಂದು ಬ್ಯಾಂಡಿಗೆ ಮುಂಚಿತವಾಗಿ ಹೇಳಬಹುದು.

ವಿದ್ಯುತ್ತು

ಮೆಸ್ಕಾಂನಿಂದ ಪಡೆದ ತಾತ್ಕಾಲಿಕ ಸಂಪರ್ಕವಿರಲಿ, ಜನರೇಟರಿರಲಿ, ಲೆಕ್ಕ ಒಂದೇ. ವ್ಯಾಟುಗಳ ಮೊತ್ತವನ್ನು 230ರಿಂದ ಭಾಗಿಸಿದರೆ ಎಷ್ಟು ಆಂಪಿಯರ್ ಬೇಕೆಂದು ತಿಳಿಯುತ್ತದೆ. 15 ಆಂಪಿಯರಿನ ಒಂದು ಪ್ಲಗ್ಗಿನಿಂದ 3450 ವ್ಯಾಟಿಗಿಂತ ಹೆಚ್ಚು ಬರಲಾರದು. ದೀಪಗಳಿಗೆ ಒಂದು ಲೈನು, ಧ್ವನಿಗೆ ಬೇರೆ ಲೈನು ತೆಗೆದುಕೊಳ್ಳಿ. ದೀಪಗಳನ್ನು ಮಂಕು ಮಾಡುವ ಡಿಮ್ಮರುಗಳು ಅದೇ ಲೈನಿನಲ್ಲಿದ್ದರೆ ಗಿಟಾರಿನಲ್ಲಿ ಜೀರುಂಡೆ ಕೂಗತೊಡಗುತ್ತದೆ. ಉದ್ದದ ವೈರು ಉಳಿದಿದ್ದರೆ ಅದನ್ನು ಚಕ್ರದಲ್ಲಿ ಸುತ್ತಿದಂತೆಯೇ ಬಿಡಬೇಡಿ, ಭಾರ ಬಿದ್ದಾಗ ಸುರುಳಿ ಕಾಯ್ದು ಕರಗುತ್ತದೆ. ಪೂರ್ತಿ ಬಿಚ್ಚಿ ಹರವಿ.

ಯಾವ ಸಲಕರಣೆಯನ್ನೂ ಜೋಡಿಸುವ ಮೊದಲು ಮಲ್ಟಿಮೀಟರ್ ಹಿಡಿದು ಅಳೆಯಿರಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್ ಮತ್ತು ಅರ್ತ್ ನಡುವೆಯೂ ಅಷ್ಟೇ, ನ್ಯೂಟ್ರಲ್ ಮತ್ತು ಅರ್ತ್ ನಡುವೆ ಎರಡು ಮೂರು ವೋಲ್ಟು ಮೀರದಂತೆ ಇರಬೇಕು. ಕೊನೆಯ ಅಳತೆ ಹೆಚ್ಚು ಬಂದರೆ ನ್ಯೂಟ್ರಲ್ ಅಥವಾ ಅರ್ತ್ ಸಡಿಲವಿದೆ ಎಂದು ತಿಳಿಯಿರಿ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಊರಿನಲ್ಲಿ ನಾನು ಸಂಜೆ ನಾಲ್ಕಕ್ಕೆ ಅಳೆದು ಸರಿಯಿದೆಯೆಂದು ಸುಮ್ಮನಾಗಿದ್ದೆ. ಏಳೂವರೆಗೆ ದೀಪಗಳ ಭಾರವೆಲ್ಲ ಬಿದ್ದ ಮೇಲೆ ವೇದಿಕೆಯ ಎಡಗಡೆಯ ಬಲ್ಬು ಕಣ್ಣು ಕುಕ್ಕುವಷ್ಟು ಉರಿಯತೊಡಗಿತು, ಬಲಗಡೆಯದು ಕೆಂಡದಂತೆ ಮಂಕಾಯಿತು. ನಾನು ಮುಖ್ಯ ಸ್ವಿಚ್ಚಿನತ್ತ ಓಡುವಷ್ಟರಲ್ಲಿ ಕೀಬೋರ್ಡಿನ ಅಡಾಪ್ಟರಿನಿಂದ ಹೊಗೆ ಎದ್ದಿತ್ತು. ಬಾಡಿಗೆಗೆ ತಂದಿದ್ದ ಜನರೇಟರಿನ ನ್ಯೂಟ್ರಲ್ ಬೋಲ್ಟನ್ನು ಕೈಯಲ್ಲಿ ತಿರುಗಿಸಿಬಿಟ್ಟಿದ್ದರು, ಸ್ಪ್ಯಾನರ್ ಹಾಕಿರಲಿಲ್ಲ. ತ್ರೀ ಫೇಸಿನಲ್ಲಿ ನ್ಯೂಟ್ರಲ್ ತಪ್ಪಿದರೆ ಎರಡು ಫೇಸುಗಳ ನಡುವಿನ 400 ವೋಲ್ಟು ಸಲಕರಣೆಗಳ ನಡುವೆ ಹಂಚಿಹೋಗುತ್ತದೆ, ಹಗುರವಾದದ್ದಕ್ಕೆ ದೊಡ್ಡ ಪಾಲು ಬಂದು ಅದು ಸುಡುತ್ತದೆ. ಅಂದಿನಿಂದ ಎರಡು ಸಲ ಅಳೆಯುತ್ತೇನೆ: ಖಾಲಿ ಇದ್ದಾಗ ಒಮ್ಮೆ, ಎಲ್ಲ ದೀಪ ಹಾಕಿಸಿ ಮತ್ತೊಮ್ಮೆ. ಬೋಲ್ಟುಗಳನ್ನು ಜನರೇಟರ್ ಆರಿಸಿ ನಾನೇ ಬಿಗಿಯುತ್ತೇನೆ.

ಅರ್ತಿನ ವಿಷಯದಲ್ಲಿ ನಮ್ಮ ನೆಲವೇ ವೈರಿ. ಬೇಸಿಗೆಯಲ್ಲಿ ಒಣಗಿದ ಜಂಬಿಟ್ಟಿಗೆ ನೆಲದಲ್ಲಿ ಕಬ್ಬಿಣದ ಸರಳು ಹೊಡೆದರೆ ಅದು ಅರ್ತ್ ಆಗುವುದಿಲ್ಲ, ಬರೀ ಸರಳಾಗಿಯೇ ಉಳಿಯುತ್ತದೆ. ತೋಟದ ಅಂಚಿನ ತೇವದ ಜಾಗ ಹುಡುಕಿ, ಇಲ್ಲವೇ ಗುಂಡಿ ತೋಡಿಸಿ ಇದ್ದಿಲು ಮತ್ತು ಉಪ್ಪು ತುಂಬಿ, ನಾಲ್ಕಾರು ಕೊಡ ನೀರು ಹೊಯ್ಯಿಸಿ. ಗುಂಯ್ ಎನ್ನುವ ಹಮ್ ನಿಲ್ಲಿಸಲೆಂದು ಆಂಪ್ಲಿಫೈಯರಿನ ಪ್ಲಗ್ಗಿನ ಅರ್ತ್ ಪಿನ್ನನ್ನು ಮುರಿಯುವವರನ್ನು ನಾನು ಕಂಡಿದ್ದೇನೆ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ ತಿಂಗಳಲ್ಲಿ ವೇಲ್ಸಿನ ಸ್ವಾನ್ಸಿಯಲ್ಲಿ, ವೇದಿಕೆಯ ಮೇಲೆಯೇ, ಅರ್ತ್ ಸರಿಯಿಲ್ಲದ ಮೈಕನ್ನು ಮುಟ್ಟಿ ಸತ್ತುಹೋದರು. ಒಂದು ಕೈ ಗಿಟಾರಿನ ತಂತಿಯ ಮೇಲೆ, ತುಟಿ ಮೈಕಿನ ಜಾಲರಿಗೆ: ಇವೆರಡರ ನಡುವೆ ವೋಲ್ಟಿನ ವ್ಯತ್ಯಾಸವಿದ್ದರೆ ಕರೆಂಟು ಹಾಯುವುದು ಎದೆಯ ಮೂಲಕ. ಹಮ್ ಬಂದರೆ ಎಲ್ಲ ವಾದ್ಯಗಳಿಗೂ ಒಂದೇ ಕಡೆಯಿಂದ ವಿದ್ಯುತ್ ಕೊಟ್ಟು ನೋಡಿ, ಡಿಐ ಬಾಕ್ಸಿನ (ವಾದ್ಯದ ಧ್ವನಿಯನ್ನು ಮೈಕಿನ ವೈರಿಗೆ ಹೊಂದಿಸಿ ಮಿಕ್ಸರಿಗೆ ಕಳಿಸುವ ಸಣ್ಣ ಪೆಟ್ಟಿಗೆ) ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿ ನೋಡಿ. ಅದು ಧ್ವನಿಯ ವೈರಿನ ಗ್ರೌಂಡನ್ನು ಮಾತ್ರ ಬಿಡಿಸುತ್ತದೆ. ಪ್ಲಗ್ಗಿನ ಪಿನ್ನಿಗೆ ಕೈ ಹಚ್ಚಬೇಡಿ.

ವೇದಿಕೆಯ ಮೇಲೆ

ಇಷ್ಟಾದ ಮೇಲೆ ಕಟ್ಟುವ ಕೆಲಸ ಸಲೀಸು. ಮೊದಲು ಜಮಖಾನೆ ಹಾಸಿ ಅದರ ಮೇಲೆ ಡ್ರಮ್ಮು ಕೂರಿಸಿ, ಇಲ್ಲದಿದ್ದರೆ ಬಾಸ್ ಡ್ರಮ್ಮು ಪ್ರತಿ ಒದೆತಕ್ಕೂ ಮುಂದೆ ಸರಿದು ಮೂರನೆಯ ಹಾಡಿಗೆ ಗಾಯಕರ ಬೆನ್ನಿಗೆ ತಾಗುತ್ತದೆ. ಒಮ್ಮೆ ಸರಿಹೊಂದಿದ ಮೇಲೆ ಕಾಲುಗಳ ಜಾಗವನ್ನು ಬಣ್ಣದ ಟೇಪಿನಿಂದ ಗುರುತು ಮಾಡಿ ಅದೇ ಜಮಖಾನೆಯನ್ನು ಎಲ್ಲ ಊರಿಗೂ ಒಯ್ಯಿರಿ. ವಿದ್ಯುತ್ ವೈರು ಮತ್ತು ಮೈಕಿನ ವೈರು ಜೊತೆಜೊತೆಯಾಗಿ ಓಡಬಾರದು, ದಾಟಲೇಬೇಕಾದ ಕಡೆ ಅಡ್ಡಡ್ಡವಾಗಿ ದಾಟಲಿ. ಗಿಟಾರಿನಿಂದ ಬರುವ ವೈರು ಆರು ಮೀಟರು ಮೀರಿದರೆ ಗದ್ದಲ ಹಿಡಿಯುತ್ತದೆ, ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರಿಗೆ ಆ ಕಾಯಿಲೆ ಕಡಿಮೆ. ಆದ್ದರಿಂದ ಡಿಐ ಬಾಕ್ಸನ್ನು ವಾದಕರ ಕಾಲ ಬಳಿಯೇ ಇಡಿ. ವೈರುಗಳನ್ನು ನೆಲಕ್ಕೆ ಅಂಟಿಸಲು ಬಟ್ಟೆಯ ಗ್ಯಾಫರ್ ಟೇಪನ್ನೇ ಬಳಸಿ. ಪ್ಯಾಕಿಂಗ್ ಟೇಪು ಅಗ್ಗ, ಆದರೆ ಅದರ ಅಂಟು ಹಲಸಿನ ಮೇಣದಂತೆ ವೈರನ್ನು ಬಿಡುವುದಿಲ್ಲ.

ಮಿಕ್ಸರಿನಿಂದ ವೈರಿನ ಮೂಲಕವೇ ಮೈಕಿಗೆ ಹೋಗುವ 48 ವೋಲ್ಟಿನ ಫ್ಯಾಂಟಮ್ ಪವರ್ ಹಾಕಿದ್ದರೆ, ಮಿಕ್ಸರಿನಲ್ಲಿ ಆ ಮೈಕಿನ ಚಾನೆಲ್ ಮುಚ್ಚದೆ ಅದನ್ನು ಕೀಳಬಾರದು. ಎಸಿ ವಾಹನದಲ್ಲಿ ಬಂದ ಗಿಟಾರ್ ಪೆಟ್ಟಿಗೆಗಳನ್ನು ಇಳಿಸಿದ ಕೂಡಲೇ ತೆರೆಯಬಾರದು. ತಣ್ಣಗಿರುವ ಮರ ಮತ್ತು ತಂತಿಯ ಮೇಲೆ ನಮ್ಮ ತೇವದ ಗಾಳಿ ಬೆವರಿನಂತೆ ಕೂರುತ್ತದೆ. ಅರ್ಧ ಗಂಟೆ ಮುಚ್ಚಿಯೇ ಇಟ್ಟು, ಆಮೇಲೆ ತೆಗೆದು ಶ್ರುತಿ ಮಾಡಿ, ಕಾರ್ಯಕ್ರಮಕ್ಕೆ ಹತ್ತು ನಿಮಿಷವಿದ್ದಾಗ ಮತ್ತೊಮ್ಮೆ ನೋಡಿ.

ಕಾರ್ಯಕ್ರಮ ನಡೆಯುವಾಗ ರೋಡಿ ಹಾಡು ಕೇಳುತ್ತ ನಿಲ್ಲುವಂತಿಲ್ಲ. ವೇದಿಕೆಯ ಪಕ್ಕದ ಪರದೆಯ ಹಿಂದೆ, ಮುಖ್ಯ ಗಿಟಾರ್ ವಾದಕರ ಕಣ್ಣಿಗೆ ಬೀಳುವ ಜಾಗದಲ್ಲಿ, ಶ್ರುತಿ ಮಾಡಿದ ಇನ್ನೊಂದು ಗಿಟಾರನ್ನು ಹೆಗಲಿಗೆ ಹಾಕಿಕೊಳ್ಳುವಂತೆ ಪಟ್ಟಿ ಬಿಚ್ಚಿಟ್ಟು ನಿಂತಿರಬೇಕು. ತಂತಿ ಹರಿದರೆ ಅವರು ನನ್ನನ್ನು ಕರೆಯುತ್ತಿರಲಿಲ್ಲ, ಬಲಗಾಲನ್ನು ಒಂದು ಹೆಜ್ಜೆ ಹಿಂದಿಡುತ್ತಿದ್ದರು. ನಾನು ಬಾಗಿ ಹೋಗಿ, ಮೊದಲು ಆಂಪ್ಲಿಫೈಯರಿನ ಮ್ಯೂಟ್ ಒತ್ತಿ, ವೈರನ್ನು ಹೊಸ ಗಿಟಾರಿಗೆ ಸಿಕ್ಕಿಸಿ, ಹಳೆಯದನ್ನು ಅವರ ತಲೆಯ ಮೇಲಿಂದ ಎತ್ತಿಕೊಂಡು ಬರುವಷ್ಟರಲ್ಲಿ ಡ್ರಮ್ಮಿನವರು ನಾಲ್ಕು ಆವರ್ತ ಹೆಚ್ಚಿಗೆ ಬಾರಿಸಿರುತ್ತಿದ್ದರು. ಇದನ್ನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಬೇಕು.

ನವೆಂಬರಿನಿಂದ ಫೆಬ್ರವರಿಯವರೆಗೆ ಮಳೆಯಿಲ್ಲವೆಂದು ನೆಮ್ಮದಿಯಾಗಬೇಡಿ, ರಾತ್ರಿ ಎಂಟರ ಮೇಲೆ ಇಬ್ಬನಿ ಮಿಕ್ಸರಿನ ಗುಂಡಿಗಳ ಸಂದಿಗೆ ಇಳಿಯುತ್ತದೆ. ಮಿಕ್ಸರಿನ ಮೇಲೆ ನಾಲ್ಕು ಗಳ ನೆಟ್ಟು ಟಾರ್ಪಾಲಿನ ಸೂರು ಕಟ್ಟಿಸಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಮಾತು ಬೇರೆ. ಮಳೆಗೆ ಟಾರ್ಪಾಲು ಉಂಟು, ಸಿಡಿಲಿಗೆ ಇಲ್ಲ; ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಹಾಡು ಎಲ್ಲಿದೆಯೋ ಅಲ್ಲಿಗೆ ನಿಲ್ಲಿಸಿ, ಎಲ್ಲರನ್ನೂ ವೇದಿಕೆಯಿಂದ ಇಳಿಸಿ, ಮುಖ್ಯ ಸ್ವಿಚ್ಚು ಆರಿಸಿ. ಸಮಿತಿಯವರು ಇನ್ನೊಂದೇ ಹಾಡು ಎನ್ನುತ್ತಾರೆ. ಕೇಳಬೇಡಿ.

ಕೊನೆಗೆ ಊಟದ ಮಾತು, ಇದನ್ನು ಜಾಗ ನೋಡಲು ಹೋದ ದಿನವೇ ಆಡಿ ಮುಗಿಸಬೇಕು. ಬ್ಯಾಂಡಿನವರು ಒಂಬತ್ತಕ್ಕೆ ಮೊದಲೇ ಉಂಡಿರುತ್ತಾರೆ, ಪ್ರೇಕ್ಷಕರು ಹತ್ತೂವರೆಗೆ ಉಣ್ಣುತ್ತಾರೆ, ನಾವು ಲಾರಿಯ ಬಾಗಿಲು ಹಾಕುವಾಗ ಒಂದು ಗಂಟೆ. ಆ ಹೊತ್ತಿಗೆ ಅಡುಗೆಯವರು ಹಂಡೆ ಕವುಚಿ ಮಲಗಿರುತ್ತಾರೆ. ಎಷ್ಟು ಜನರಿದ್ದೇವೆಂದು ಅಡುಗೆ ಭಟ್ಟರಿಗೇ ನೇರವಾಗಿ ಹೇಳಿ, ಅನ್ನ, ಸಾರು, ಒಂದಿಷ್ಟು ಅಪ್ಪೆಹುಳಿಯನ್ನು ಮುಚ್ಚಿಡಲು ಕೇಳಿ, ಬಾಳೆಲೆ ಎಲ್ಲಿರುತ್ತದೆಂದು ತಿಳಿದುಕೊಂಡು ಬನ್ನಿ.